ಅರವತ್ತೈದನೆಯ ಕಲೆ

ಕೇಕಿನ ಡಬ್ಬಿಯ ತಳಕ್ಕೆ ಹತ್ತಿಕೊಂಡ ಕರಿಯ ಕಲೆಯ ಮೇಲೆ ಜಯದೇವಪ್ಪನವರು ಆ ಭಾನುವಾರ ಮಧ್ಯಾಹ್ನ ಯುದ್ಧ ಸಾರಿದರು. ತಾವು ವಿಜ್ಞಾನ ಪದವೀಧರರು. ಎದುರಾಳಿ ಬರಿಯ ಸುಟ್ಟ ಸಕ್ಕರೆ. ಜಯದ ಬಗ್ಗೆ ಸಂಶಯವೇ ಇರಲಿಲ್ಲ, ಹೆಸರಿನಲ್ಲೇ ಇತ್ತಲ್ಲ!

ಡಬ್ಬಿ ಅಲ್ಯೂಮಿನಿಯಂನದು, ಪಕ್ಕದ ಮನೆಯ ಕಾತ್ಯಾಯಿನಿಯದು. ಜಯನಗರದ ಮಹಿಳಾ ಸಮಾಜದಲ್ಲಿ ಶನಿವಾರದ ಕೇಕ್ ಕ್ಲಾಸು ಶುರುವಾದಾಗಿನಿಂದ ಅವರ ಹೆಂಡತಿ ಸರ್ವಮಂಗಳಾ ಅದನ್ನು ಎರವಲು ತರುತ್ತಿದ್ದರು. ಆ ಕ್ಲಾಸಿನಿಂದಾಗಿ ಶನಿವಾರ ಸಂಜೆಯ ಕಾಫಿ ತಡವಾಗುತ್ತದೆಂಬುದು ಜಯದೇವಪ್ಪನವರ ಹಳೆಯ ವ್ಯಥೆ. ಬಚ್ಚಲಲ್ಲಿ ಕೂತು ತೆಂಗಿನ ನಾರಿನಿಂದ ಡಬ್ಬಿ ಉಜ್ಜುತ್ತಿದ್ದ ಹೆಂಡತಿಯನ್ನು ಕಂಡು, ಇಷ್ಟು ತಿಕ್ಕಾಟವಿದ್ದರೆ ಕ್ಲಾಸೇ ಬೇಡ ಎಂದುಬಿಟ್ಟರು.

“ಸಾರಿನ ಪಾತ್ರೆನೂ ತಿಕ್ಕಬೇಕು. ಸಾರು ಬಿಟ್ಬಿಡೋಣ್ವಾ?”

“ತಿಕ್ಕೋಕೆ ತೋಳಲ್ಲ ಕಣೇ, ತಲೆ ಬೇಕು. ಕಲೆ ತೆಗೆಯೋದೂ ಒಂದು ಕಲೆ. ಅರವತ್ತೈದನೇದು.”

ಪಂದ್ಯ ಕುದುರಿತು. ದೀಪ ಹಚ್ಚುವ ಹೊತ್ತಿಗೆ ಡಬ್ಬಿ ಫಳಫಳ ಹೊಳೆಯುತ್ತ ಕಾತ್ಯಾಯಿನಿಯ ಮನೆ ಸೇರಿದರೆ ಸರ್ವಮಂಗಳಾ ಕ್ಲಾಸು ಬಿಡಬೇಕು. ಇಲ್ಲವಾದರೆ ಜಯದೇವಪ್ಪನವರು ಇನ್ನು ಕಾಫಿಯ ಮಾತೆತ್ತಬಾರದು. ಸರ್ವಮಂಗಳಾ ನಾರನ್ನು ಗಂಡನ ಕೈಗಿಟ್ಟು, ವಾರಪತ್ರಿಕೆ ಹಿಡಿದು ಹಜಾರದಲ್ಲಿ ಕಾಲು ಚಾಚಿದರು.

ಜಯದೇವಪ್ಪನವರು ದೊಡ್ಡ ಅನ್ನದ ಪಾತ್ರೆಯಲ್ಲಿ ನೀರು ಕುದಿಸಿ, ಬಟ್ಟೆ ಸೋಡಾ ಸುರಿದು ಡಬ್ಬಿಯನ್ನು ಮುಳುಗಿಸಿದರು. ಎತ್ತಿದಾಗ ಕಲೆ ಕಾಣಿಸಲೇ ಇಲ್ಲ. ಇಡೀ ಡಬ್ಬಿಯೇ ಅಷ್ಟು ಕಪ್ಪಾಗಿತ್ತು.

ಹಾಲಿನ ಪಾತ್ರೆಯಲ್ಲಿ ನಿಂಬೆರಸ, ಉಪ್ಪು. ಸಾರಿನ ಪಾತ್ರೆಯಲ್ಲಿ ಹುಳಿ ಮಜ್ಜಿಗೆ. ಬಾಣಲೆಯಲ್ಲಿ ಸೀಗೆಪುಡಿ. ಒಂದೊಂದು ಮದ್ದಿಗೂ ಒಂದೊಂದು ಪಾತ್ರೆ. ಪ್ರಯೋಗಶಾಲೆಯ ಶಿಸ್ತು ಬಿಡುವ ಹಾಗಿಲ್ಲ. ಸಕ್ಕರೆಯ ಕಲೆಯನ್ನು ಸಕ್ಕರೆಯೇ ತೆಗೆಯಬೇಕೆಂಬ ಹೊಸ ಸಿದ್ಧಾಂತಕ್ಕೆ ಮನೆಯ ಸಕ್ಕರೆಯೆಲ್ಲ ಆಹುತಿಯಾಯಿತು. ಕೊನೆಗೆ ಪಾಯಸದ ಪಾತ್ರೆಯಲ್ಲಿ ಹುಣಸೆಹಣ್ಣು ಕುದಿಸಿ ಡಬ್ಬಿಯನ್ನು ಅದ್ದಿದಾಗ ಕಪ್ಪು ಬಿಟ್ಟಿತು, ಕಲೆಯೂ ಬಿಟ್ಟಿತು. ತಳದಲ್ಲಿ ತಮ್ಮ ಮೀಸೆಯೇ ಕಂಡಿತು!

ಸರ್ವಮಂಗಳಾ ಬಂದು ಡಬ್ಬಿಯನ್ನು ತಿರುಗಿಸಿ ನೋಡಿ, ಚೆನ್ನಾಗಿ ಬಂದಿದೆ ಎಂದು ಮನಸಾರೆ ಒಪ್ಪಿಕೊಂಡರು. ಜಯದೇವಪ್ಪನವರು ಅಂಗಿ ತೊಟ್ಟು, ಡಬ್ಬಿಯನ್ನು ಕಂಕುಳಿಗೇರಿಸಿ ಹೊಸ್ತಿಲು ದಾಟಿದರು.

“ರೀ, ಎರವಲು ತಂದ ಪಾತ್ರೆನ ಖಾಲಿ ವಾಪಸ್ ಕೊಡ್ತಾರೇನ್ರೀ? ಕಾತ್ಯಾಯಿನಿ ಏನಂದ್ಕೋತಾಳೆ?”

ಗೆದ್ದವರ ಔದಾರ್ಯದಿಂದ ಅವರು, ಹಿಡಿ ಸಕ್ಕರೆ ಹಾಕಿಬಿಡು ಎಂದರು. ಸಕ್ಕರೆ ಎಲ್ಲಿಗೆ ಹೋಯಿತೆಂದು ನೆನಪಾಗಿ, ಉಪ್ಪಿಟ್ಟಾದರೂ ಮಾಡು ಎಂದರು.

“ಮಾಡ್ತೀನಿ. ರವೆ ಇದೆ, ಒಲೆನೂ ಉರೀತಿದೆ. ಯಾವ ಪಾತ್ರೇಲಿ ಮಾಡ್ಲಿ?”

ಜಯದೇವಪ್ಪನವರು ಹಿಂತಿರುಗಿ ನೋಡಿದರು. ಮನೆಯ ಪಾತ್ರೆಗಳೆಲ್ಲ ಮಸಿ, ಲೋಳೆ, ಹುಳಿ ಮೆತ್ತಿಕೊಂಡು ಬಚ್ಚಲಿನ ತುಂಬ ಬಾಯಿ ತೆರೆದು ಕೂತಿದ್ದವು. ಅಂಗಿ ಕಳಚಿ ಕುಕ್ಕುರುಗಾಲಲ್ಲಿ ಕೂತರು. ಸೋಡಾ ನೀರಿನ ಕರಿಯ ಗೆರೆ ಅನ್ನದ ಪಾತ್ರೆಯನ್ನು ಬಿಡಲೊಲ್ಲದು. ತಲೆ ಎಷ್ಟು ಓಡಿಸಿದರೂ ನೋವು ಬಂದದ್ದು ತೋಳಿಗೆ.

ಬಾಣಲೆಗೆ ಕೈ ಹಾಕುವಷ್ಟರಲ್ಲಿ ಸರ್ವಮಂಗಳಾ ಬಚ್ಚಲ ಬಾಗಿಲಲ್ಲಿ ನಿಂತಿದ್ದರು.

“ದೀಪ ಹಚ್ಚಾಯ್ತು. ಬರೋ ಶನಿವಾರ ಕ್ಲಾಸಲ್ಲಿ ಬಿಸ್ಕತ್ತಂತೆ. ಅದರ ತಟ್ಟೆ ಈ ಡಬ್ಬಿಯ ಎರಡರಷ್ಟಿದೆಯಂತೆ.”

ಜಯದೇವಪ್ಪನವರು ಕಾಫಿಯ ಮಾತೆತ್ತಲಿಲ್ಲ. ಮನೆಯಲ್ಲಿ ಇನ್ನೊಂದು ಹಿಡಿ ನಾರು ಇದೆಯೇ ಎಂದಷ್ಟೇ ಕೇಳಿದರು.