ನಾಯಿಗೆ ಹೊಂದುವ ಮನುಷ್ಯ

ನನ್ನ ಸೋದರಮಾವ ಹೊಸಬರನ್ನು ಕಂಡರೆ ಊರು ಕೇಳುವುದಿಲ್ಲ, ಕೆಲಸ ಕೇಳುವುದಿಲ್ಲ, ಗೋತ್ರವನ್ನಂತೂ ಕೇಳುವುದೇ ಇಲ್ಲ. ಅಡಿಯಿಂದ ಮುಡಿಯವರೆಗೆ ನೋಡಿ, ಇವರಿಗೆ ಯಾವ ಜಾತಿಯ ನಾಯಿ ಹೊಂದುತ್ತದೆ ಎಂದು ಯೋಚಿಸುತ್ತಾರೆ. ಮದುವೆಯಲ್ಲಿ ಅಕ್ಷತೆ ಹಾಕುವಾಗಲೂ ಅದೇ ಯೋಚನೆ! ಒಮ್ಮೆ ನನ್ನ ಕಿವಿಯಲ್ಲಿ, "ಹುಡುಗ ಪೊಮೇರಿಯನ್, ಹುಡುಗಿ ಮುಧೋಳ. ದೇವರೇ ಕಾಪಾಡ್ಬೇಕು" ಎಂದರು. ಸರಿಯಾಗಿ ಆಗಲೇ ವಾಲಗ ನಿಂತಿತ್ತು. ನಾವು ಊಟಕ್ಕೆ ನಿಲ್ಲದೆ ಹೊರಟೆವು.

ಮದುವೆಯಾಗದ ಮನುಷ್ಯ. ಬಿನ್ನಿಪೇಟೆಯ ಕಡೆ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ ವಾಸ. ಎಪ್ಪತ್ತರ ದಶಕದ ಆ ದಿನಗಳಲ್ಲಿ ರಾಜಾಜಿನಗರ, ವಿಜಯನಗರಗಳಲ್ಲಿ ಮನೆ ಕಟ್ಟಿಸಿದವರೆಲ್ಲ ಮೊದಲು "ನಾಯಿ ಇದೆ, ಎಚ್ಚರಿಕೆ" ಎಂಬ ಬೋರ್ಡು ತಗುಲಿಸಿ, ಆಮೇಲೆ ನಾಯಿಯ ಬಗ್ಗೆ ಯೋಚಿಸುತ್ತಿದ್ದರು. ಯೋಚಿಸಿದವರು ಸೀದಾ ಮಾವನ ಬಳಿಗೆ ಬರುತ್ತಿದ್ದರು.

ಒಬ್ಬ ಸಾಹೇಬರಿಗೆ ಅಲ್ಸೇಶನ್ನೇ ಆಗಬೇಕಿತ್ತು.

"ಬೆಳಗ್ಗೆ ಎಷ್ಟು ಹೊತ್ತಿಗೆ ಏಳ್ತೀರಿ ಸಾರ್?"

"ಎಂಟು, ಎಂಟೂವರೆ."

"ಅದು ಐದಕ್ಕೆ ಏಳುತ್ತೆ. ಮೂರು ಗಂಟೆ ಅದೇನು ಮಾಡ್ಬೇಕು, ನಿಮ್ಮ ಪೇಪರ್ ಓದ್ತಾ ಕೂತಿರ್ಬೇಕಾ?"

ನಮ್ಮ ಪಕ್ಕದ ಮನೆಯಾಕೆ, ಯಾವಾಗಲೂ ಬೊಗಳುತ್ತಿರುವ ಪುಟ್ಟ ಪೊಮೇರಿಯನ್ ಬೇಕೆಂದರು. ಅವರ ಯಜಮಾನರು ಆಗ ಗೇಟಿನಲ್ಲಿ ನಿಂತು ಹಾಲಿನವನ ಮೇಲೆ ರೇಗುತ್ತಿದ್ದರು. ಮಾವ ಅತ್ತ ಒಮ್ಮೆ ನೋಡಿ ವಿನಯದಿಂದ, "ಆ ಕೆಲಸ ನಿಮ್ಮನೇಲಿ ಖಾಲಿ ಇಲ್ಲಮ್ಮ" ಎಂದರು.

ಇನ್ನು ನನ್ನ ವಿಷಯ. ನಾನು ಹುಟ್ಟಾ ಗಾಬರಿಯವನು. ನೆತ್ತಿಯ ಮೇಲೆ ವಿಮಾನ ಹೋದರೆ ಅದರ ಚಾಲಕನಿಗೆ ನಿದ್ದೆ ಸರಿಯಾಗಿದೆಯೇ ಎಂದು ಚಿಂತಿಸುವವನು. "ನನಗೆ ಯಾವುದು ಮಾವ?" ಎಂದು ಕೇಳಿದ್ದಕ್ಕೆ ಅವರು ಎರಡು ಕೈಯೂ ಎತ್ತಿಬಿಟ್ಟರು. "ನಿನಗೆ ಯಾವುದೂ ಬೇಡ ಕಣೋ. ನೀನು ಬೆಚ್ಚಿದ್ದು ನೋಡಿ ನಾಯಿ ಬೆಚ್ಚುತ್ತೆ, ನಾಯಿ ಬೆಚ್ಚಿದ್ದು ನೋಡಿ ನೀನು ಬೆಚ್ತೀಯ. ಕಳ್ಳ ಒಳಗೆ ಬಂದು ಇಬ್ಬರಿಗೂ ನೀರು ಕುಡಿಸಿ ಹೋಗ್ಬೇಕಾಗುತ್ತೆ!"

ಹೀಗೆ ಊರಿಗೆಲ್ಲ ನಾಯಿ ಹೊಂದಿಸಿದವರಿಗೆ ತಮ್ಮ ನಾಯಿಯೇ ಸಮಸ್ಯೆಯಾದದ್ದು ನಿವೃತ್ತಿಯ ವರ್ಷ. ಅವರ ಸುಬ್ಬಿಯ ತಾಯಿ ಡ್ಯಾಷ್‌ಹುಂಡ್. ತಂದೆ ಬಿನ್ನಿಪೇಟೆಯ ಸಾರ್ವಜನಿಕರು. ಉದ್ದ ಮೈ, ಗಿಡ್ಡ ಕಾಲು, ಒಂದು ಕಿವಿ ಮಾತ್ರ ನೆಟ್ಟಗೆ. ಕ್ವಾರ್ಟರ್ಸು ಬಿಡಬೇಕಿತ್ತು. ಕೆಂಗೇರಿಯಲ್ಲಿ ಸ್ನೇಹಿತರ ಔಟ್‌ಹೌಸೇನೋ ಸಿಕ್ಕಿತು, ಆದರೆ ಆ ಮನೆಯ ಅಜ್ಜಿ ಮಹಾ ಮಡಿ; ನಾಯಿ ಕಾಂಪೌಂಡಿನೊಳಕ್ಕೆ ಬರಕೂಡದು. ನಮ್ಮ ಮನೆಗೇ ಬಂದಿರಿ ಎಂದು ಕರೆದೆ. "ನಾನು ಮಲಗಿದಾಗ ಉಸಿರಾಡ್ತಾ ಇದೀನಾ ಅಂತ ಮೂಗಿನ ಹತ್ರ ಬೆರಳಿಟ್ಟು ನೋಡೋನು ನೀನು. ಬೇಡಪ್ಪ" ಎಂದರು. (ಒಂದು ಸಲ ನೋಡಿದ್ದೆ. ಒಂದೇ ಸಲ!)

ಸರಿ, ಸುಬ್ಬಿಗೆ ಮನೆ ಹುಡುಕುವುದು ಶುರುವಾಯಿತು. ಹುಡುಕುವುದೆಂದರೆ ಹೇಗೆ? ಮಗಳನ್ನು ಕೊಡುವ ತಂದೆ ವರನ ಮನೆ ನೋಡಲು ಹೋಗುತ್ತಾರಲ್ಲ, ಹಾಗೆ! ಮಾವ ಇಸ್ತ್ರಿ ಮಾಡಿದ ಜುಬ್ಬ ತೊಟ್ಟು, ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿದ ಬೆತ್ತದ ಬುಟ್ಟಿಯಲ್ಲಿ ಸುಬ್ಬಿಯನ್ನು ಕೂರಿಸಿಕೊಂಡು ಮುಂದೆ. ಬುಟ್ಟಿ ಬಿಚ್ಚಿಕೊಂಡರೆ ಏನು ಗತಿ ಎಂದು ಬೆವರುತ್ತಾ ನಾನು ಹಿಂದೆ.

ಬಸವೇಶ್ವರನಗರದ ಎಂಜಿನಿಯರ್ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಎಲ್ಲ ಆಯಿತು. ಹೊರಗೆ ಬಂದು ಮಾವ ತಲೆಯಾಡಿಸಿದರು. "ನಮ್ಮ ಹಿಂದೇನೇ ಬಟ್ಟೆ ಹಿಡ್ಕೊಂಡು ಹೆಜ್ಜೆ ಒರೆಸ್ತಾ ಬಂದ್ರಲ್ಲೋ ಆ ಅಮ್ಮ. ಎರಡು ಕಾಲಿನವರಿಗೇ ಹೀಗೆ, ನಾಲ್ಕು ಕಾಲಿನವಳ ಪಾಡೇನು?"

ಮಾರೇನಹಳ್ಳಿಯ ಗೌಡರ ಮನೆ ನನಗಂತೂ ಒಪ್ಪಿಗೆಯಾಗಿತ್ತು. ದೊಡ್ಡ ಹಿತ್ತಲು, ಎರಡು ಎಮ್ಮೆ, ಧಾರಾಳ ಮನಸ್ಸು. ಆದರೆ ಗೌಡರು, "ಕಟ್ಟಾಕಿದ್ರೆ ಎಲ್ಲಿಗ್ ಓಯ್ತದೆ ಬುಡಿ ಸ್ವಾಮಿ" ಎಂದರು. ಮಾವ ಅರ್ಧ ಕುಡಿದ ಮಜ್ಜಿಗೆಯ ಲೋಟ ಕೆಳಗಿಟ್ಟು ಎದ್ದರು. ದಾರಿಯಲ್ಲಿ ಎರಡು ಸಲ ಸೈಕಲ್ ನಿಲ್ಲಿಸಿ ಸುಬ್ಬಿಯ ಕತ್ತು ಸವರಿದರು. ಕೊನೆಗೆ, "ಅವಳಿಗೆ ಕತ್ತಿಗೆ ಹಗ್ಗ ಹಾಕಿಸ್ಕೊಂಡು ಗೊತ್ತೇ ಇಲ್ಲ ಕಣೋ" ಎಂದರು.

ಹೀಗೆ ಆರೋ ಏಳೋ ಮನೆ. ಒಂದೂ ಪಾಸಾಗಲಿಲ್ಲ. ಸೋಮವಾರ ಕ್ವಾರ್ಟರ್ಸಿನ ಬೀಗದ ಕೈ ಒಪ್ಪಿಸಬೇಕು. ಶನಿವಾರ ಬೆಳಗ್ಗೆ ಮಾವ ನಮ್ಮ ಬಾಗಿಲಲ್ಲಿದ್ದರು. ಹೆಗಲಿಗೆ ಚೀಲ, ಬುಟ್ಟಿಯಲ್ಲಿ ಸುಬ್ಬಿ. ಇವತ್ತು ಯಾರ ಮನೆಯೋ ಎಂದುಕೊಂಡು ಚಪ್ಪಲಿ ಮೆಟ್ಟಿದೆ. ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದಳು. ಬೀಗ ಹಾಕಿದೆ, ಎಳೆದು ನೋಡಿದೆ. ಗೇಟಿನವರೆಗೆ ಹೋಗಿ ವಾಪಸು ಬಂದು ಎಳೆದೆ. ಸೈಕಲ್ ಹತ್ತಿ, ಇಳಿದು, ಮತ್ತೆ ಬಂದು ಎಳೆದೆ.

"ಮೂರು" ಎಂದರು ಮಾವ.

"ಏನು ಮಾವ?"

"ಬಾಗಿಲು ತೆಗಿ. ಮನೆ ಸಿಕ್ತು."

"ನೀವೇ ಹೇಳಿದ್ರಲ್ಲ, ನನಗೆ ಯಾವ ನಾಯೀನೂ ಹೊಂದಲ್ಲ ಅಂತ!"

"ಆಗ ನಿನಗೆ ಹೊಂದೋ ನಾಯಿ ಯಾವುದು ಅಂತ ನೋಡಿದ್ದೆ. ಈಗ ಅವಳಿಗೆ ಹೊಂದೋ ಮನುಷ್ಯ ಬೇಕು. ಬೀಗಾನ ಮೂರು ಸಲ ಎಳೆಯೋನು ಅವಳ ನೀರಿನ ತಟ್ಟೆ ಒಂದು ಸಲಾನಾದ್ರೂ ನೋಡಲ್ವೇನೋ?"

ಚೀಲದಿಂದ ತಟ್ಟೆ, ಹಳೆಯ ಗೋಣಿ, ತಮ್ಮದೊಂದು ಮಾಸಿದ ಟವೆಲ್ ತೆಗೆದಿಟ್ಟರು. ಹೊರಡುವಾಗ ನಕ್ಕು, "ಆಷಾಢಕ್ಕೆ ತವರಿಗೆ ಕಳಿಸ್ತೀಯ ತಾನೆ? ಹೊಸ ಸೊಸೆ, ಅತ್ತೆ ಜೊತೆ ಒಂದೇ ಬಾಗಿಲಲ್ಲಿ ಓಡಾಡಬಾರದು" ಎಂದರು. ಆಮೇಲೆ ಆ ತವರು ಇನ್ನು ಕೆಂಗೇರಿಯ ಮಡಿ ಅಜ್ಜಿಯ ಕಾಂಪೌಂಡಿನೊಳಗೆ ಎಂಬುದು ಇಬ್ಬರಿಗೂ ನೆನಪಾಯಿತು. ಮಾವ ಹಿಂತಿರುಗಿ ನೋಡದೆ ಸೈಕಲ್ ತುಳಿದರು.

ಸುಬ್ಬಿ ಎರಡು ದಿನ ಅನ್ನ ಮುಟ್ಟಲಿಲ್ಲ. ನಾನೂ ಅಷ್ಟಕ್ಕಷ್ಟೆ. ಮಧ್ಯಾಹ್ನ ಆಫೀಸಿನಿಂದ ಸೈಕಲ್ಲಿನಲ್ಲಿ ಬಂದು ಅವಳ ನೀರು ನೋಡಿ ಹೋಗುತ್ತಿದ್ದೆ. "ನನಗೆ ಜ್ವರ ಬಂದಾಗ ಒಂದು ದಿನ ಹೀಗೆ ಬಂದಿದ್ರಾ?" ಎಂದಳು ಹೆಂಡತಿ. ಮೂರನೆಯ ದಿನ ಅವಳೇ ಕೈತುತ್ತು ಕೊಟ್ಟು ಉಣ್ಣಿಸಿದಳು. ಸುಬ್ಬಿ ಉಂಡಳು, ಆದರೆ ಸಂಜೆಯಾದರೆ ಆ ಟವೆಲ್ ಕಚ್ಚಿಕೊಂಡು ಗೇಟಿನ ಬಳಿ ಕೂರುವುದನ್ನು ಮಾತ್ರ ಬಿಡಲಿಲ್ಲ.

ಆಷಾಢದ ಮೊದಲ ದಿನ ಸುಬ್ಬಿ ಎಂದೂ ಕೂಗದ ಸ್ವರದಲ್ಲಿ ಕೂಗಿದಳು. ಗಾಬರಿಯಿಂದ ಓಡಿದೆ. ಗೇಟಿನಾಚೆ ಇಸ್ತ್ರಿ ಮಾಡಿದ ಜುಬ್ಬ, ಕೈಯಲ್ಲಿ ಟ್ರಂಕು.

"ಹುಡುಗೀನ ಕರ್ಕೊಂಡು ಹೋಗೋಕೆ ಬಂದ್ರಾ ಮಾವ?"

"ಎಲ್ಲಿಗೆ ಕರ್ಕೊಂಡು ಹೋಗ್ಲೋ?" ಮಾವ ಅಲ್ಲೇ ನೆಲಕ್ಕೆ ಕುಕ್ಕರಿಸಿದರು. ಸುಬ್ಬಿ ಅವರ ಮುಖವನ್ನೆಲ್ಲ ನೆಕ್ಕುತ್ತಿದ್ದಳು. "ಅದಕ್ಕೇ ತವರೇ ಬಂದಿದೆ. ಒಂದು ತಿಂಗಳು ಜಾಗ ಇದ್ಯಾ?"

ಟ್ರಂಕು ಎತ್ತಿಕೊಂಡು ಇಬ್ಬರನ್ನೂ ಒಳಗೆ ಕರೆದೆ. ಗೇಟಿನ ಚಿಲಕ ಹಾಕಿ ಒಮ್ಮೆ ಎಳೆದು ನೋಡಿದೆ. ಎರಡನೆಯ ಸಲ ನೋಡುವುದು ಅಂದು ಮರೆತೇ ಹೋಯಿತು.