ಯಜಮಾನರು ಇಳಿದು ಬಂದ ವೇಗ

'ಗೊತ್ತಿಲ್ಲ' ಎಂಬ ಮಾತು ಕೆಲವರ ಬಾಯಿಂದ ಸಲೀಸಾಗಿ ಹೊರಡುತ್ತದೆ. ನನ್ನದು ಅಂಥ ಬಾಯಲ್ಲ. ಶಾಲೆ ಅರ್ಧಕ್ಕೇ ಬಿಟ್ಟು, ಅಚ್ಚಿನ ಮೊಳೆ ಜೋಡಿಸುತ್ತಲೇ ಮೇಲೆ ಬಂದು, ಶಿಕಾರಿಪುರದಲ್ಲಿ ಸ್ವಂತ ಪ್ರೆಸ್ ಇಟ್ಟವನು ನಾನು. ಕಂಪ್ಯೂಟರ್ ತಂದೆ, ಅದರ ಬೆನ್ನಿಗೇ ಸ್ಕ್ಯಾನರನ್ನೂ ತಂದೆ. "ಫೋಟೋ ಇಟ್ರೆ ಸಾಕ್ರೀ, ಕಣ್ಣು ಮುಚ್ಚಿ ತೆಗೆಯೋದ್ರಾಗೆ ಪರದೆ ಮೇಲೆ ಇರುತ್ತೆ" ಎಂದು ಊರೆಲ್ಲ ಹೇಳಿಕೊಂಡು ಬಂದವನೂ ನಾನೇ. ಸ್ಕ್ಯಾನರಿನ ಅಭಿಪ್ರಾಯ ಮಾತ್ರ ಬೇರೆಯಿತ್ತು.

ಆ ಮಾತು ನಂಬಿ ಸೊರಬದ ಕಡೆಯ ಬಸವಣ್ಯಪ್ಪನವರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ಜೊತೆಗೆ ಅವರ ತಾಯಿ ಗೌರಮ್ಮಜ್ಜಿ. ಪತ್ರಿಕೆಯ ನೆತ್ತಿಯ ಮೇಲೆ ಅಜ್ಜಿಯ ತೀರಿಹೋದ ಯಜಮಾನರ ಫೋಟೋ ಬರಬೇಕು. ಇದ್ದದ್ದು ಒಂದೇ ಫೋಟೋ. ಸಂಜೆ ಅದರ ಮುಂದೆ ದೀಪ ಹಚ್ಚುವುದನ್ನು ಅಜ್ಜಿ ಎಂದೂ ತಪ್ಪಿಸಿದವರಲ್ಲ. ಹಾಗಾಗಿ ನನ್ನಲ್ಲಿ ಬಿಟ್ಟುಹೋಗುವ ಮಾತೇ ಇಲ್ಲ. ಸೆರಗಿನಲ್ಲಿ ಸುತ್ತಿ ತಂದಿದ್ದರು, ನಾಲ್ಕು ಗಂಟೆಯ ಬಸ್ಸಿಗೆ ಸೆರಗಿನಲ್ಲೇ ವಾಪಸು.

ಪರದೆಯ ಮೇಲೆ ಮೊದಲು ರುಮಾಲು ಬಂತು. ಚಹಾ ಕುಡಿದೆವು. ಹಣೆ ಬಂತು. ಬಸವಣ್ಯಪ್ಪನವರು ಹೊರಗೆ ಹೋಗಿ ಎಲೆಅಡಿಕೆ ಹಾಕಿಕೊಂಡು ಬಂದರು. ಹುಬ್ಬು ಬಂತು.

"ಎಂತದಾ ತಮ್ಮಾ, ನಮ್ಮೋರು ಇನ್ನೂ ಹುಬ್ಬಿನ ಮಟಾನೇ ಬಂದಾರಲ" ಎಂದರು ಅಜ್ಜಿ. "ಬದುಕಿದ್ದಾಗ್ಲೂ ಹಿಂಗೇಯ. ಮದುವಿಗೆ ಹೊರಡ್ರಿ ಅಂದ್ರೆ, ಇವರು ರುಮಾಲು ಸುತ್ತಾದ್ರಾಗೆ ಅಲ್ಲಿ ಮದುಮಕ್ಕಳ ಮ್ಯಾಲೆ ಅಕ್ಕಿಕಾಳು ಬಿದ್ದಿರ್ತಿತ್ತು."

ಮೂಗಿನ ತುದಿಗೆ ಬಂದು ಕಂಪ್ಯೂಟರ್ ನಿಂತೇಹೋಯಿತು. ಬಸವಣ್ಯಪ್ಪನವರು ಗಡಿಯಾರ ನೋಡಿದರು. "ಆಗದಿದ್ರೆ ಹೇಳಿಬಿಡ್ರಿ, ಸೊರಬದಾಗೇ ಫೋಟೋದ ಅಚ್ಚಿನ ಬ್ಲಾಕ್ ಮಾಡಿಸ್ತೀವಿ."

ಆ ಮಾತು ನೇರ ಎದೆಗೆ ನಾಟಿತು. "ಕರೆಂಟ್ ನೋಡಿ ಬರ್ತೀನಿ" ಎಂದು ಹೊರಬಿದ್ದವನು ಪಕ್ಕದ ಎಸ್‌ಟಿಡಿ ಬೂತಿಗೆ ನುಗ್ಗಿ, ಸ್ಕ್ಯಾನರ್ ಮಾರಿದವನಿಗೆ ಫೋನ್ ಹಚ್ಚಿದೆ. ಪ್ರಿಂಟರಿನ ವೈರು ಸಿಕ್ಕಿಸುವ ಪ್ಯಾರಲಲ್ ಪೋರ್ಟಿಗೇ ಸ್ಕ್ಯಾನರನ್ನೂ ಸಿಕ್ಕಿಸಿದ್ದೆ; ಆ ಪೋರ್ಟಿಗೆ ಮೂರು ಮೋಡ್ ಇವೆಯಂತೆ: ಎಸ್‌ಪಿಪಿ, ಇಪಿಪಿ, ಇಸಿಪಿ. ನನ್ನದು ಹಳೆಯ ಎಸ್‌ಪಿಪಿ. ಅದರಲ್ಲಿ ಮಾಹಿತಿ ಹೋಗಲು ಎಂಟು ತಂತಿ, ಬರಲು ನಾಲ್ಕೇ. ಅಂದರೆ ಗದ್ದೆಗೆ ಗೊಬ್ಬರ ಒಯ್ಯಲು ಎಂಟು ಗಾಡಿ, ಭತ್ತ ತರಲು ನಾಲ್ಕೇ ಗಾಡಿ. ಯಜಮಾನರು ಅರ್ಧರ್ಧ ಮೂಟೆಯಾಗಿ ಬರುತ್ತಿದ್ದರು! ಇಪಿಪಿಯಲ್ಲಿ ಬರುವುದಕ್ಕೂ ಎಂಟು, ವೇಗವೂ ಎಷ್ಟೋ ಪಟ್ಟು ಹೆಚ್ಚು. "ಇಪಿಪಿ ಹಾಕ್ರಿ" ಎಂದ.

ಅವನ ಮಾತು ಹಾಗೇ ಕೇಳಿದರೆ ನನ್ನ ಮರ್ಯಾದೆ ಏನಾಯಿತು? ಪಟ್ಟಿಯಲ್ಲಿ ಕೊನೆಗಿರುವುದೇ ಎಲ್ಲಕ್ಕಿಂತ ಜೋರಿರಬೇಕೆಂದು ಪ್ರೆಸ್ಸಿಗೆ ಮರಳಿ, ಕಂಪ್ಯೂಟರ್ ಆರಿಸಿ ಹಚ್ಚಿ, ಸೆಟಪ್ಪಿನೊಳಗೆ ಹೋಗಿ ಇಸಿಪಿ ಒತ್ತಿದೆ. ಸ್ಕ್ಯಾನರೇ ಇಲ್ಲವೆಂದು ಕಂಪ್ಯೂಟರ್ ಹಟ ಹಿಡಿಯಿತು.

"ಕಣ್ಣೆದುರಿಗೇ ಐತಲ, ಅದಕ್ಕೆ ಕಾಣಂಗಿಲ್ಲನಾ?" ಅಜ್ಜಿ ಸ್ಕ್ಯಾನರಿನ ಮೇಲೊಮ್ಮೆ ತಟ್ಟಿದರು.

ತೆಪ್ಪಗೆ ಇಪಿಪಿ ಹಾಕಿದೆ. ಅಜ್ಜಿ ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಯಜಮಾನರು ರುಮಾಲು, ಮೀಸೆ, ಹೆಗಲ ಮೇಲಿನ ಶಲ್ಯ ಸಮೇತ ಪೂರ್ತಿ ಇಳಿದು ಕೂತಿದ್ದರು. ನಾನು ಎದೆಯುಬ್ಬಿಸಿ ಹಿಂತಿರುಗಿ ನೋಡಿದೆ. ಅಜ್ಜಿಯ ಮುಖ ಸಪ್ಪಗಾಗಿತ್ತು.

"ಅಯ್ಯ, ಮುಗ್ದೇ ಹೋತಾ? ಮೀಸಿ ಬರೋದು ನಾ ನೋಡ್ಲೇ ಇಲ್ವಲಾ ತಮ್ಮಾ! ಬಸ್ಸಿಗೆ ಇನ್ನೂ ಹೊತ್ತೈತೆ. ಮೊದ್ಲಿನಂಗೇ ನಿಧಾನಕ್ಕೆ ಒಂದ್ಸಲ ಬರ್ಸು."

ಪತ್ರಿಕೆಗೆ ಬೇಕಾದ ಫೋಟೋ ಕೈಸೇರಿತ್ತು. ಕಂಪ್ಯೂಟರ್ ಆರಿಸಿ ಹಚ್ಚಿ, ಮರಳಿ ಎಸ್‌ಪಿಪಿ ಹಾಕಿದೆ. ರುಮಾಲು ಬಂತು. ಅಜ್ಜಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅಲ್ರೀ, ಬೇಕಂದಾಗ ಜೋರು, ಬೇಕಂದಾಗ ನಿಧಾನ, ಇದು ಹೆಂಗ್ರೀ?" ಬಸವಣ್ಯಪ್ಪನವರು ನಿಜಕ್ಕೂ ಬೆರಗಾಗಿದ್ದರು.

"ಜೋರು ಯಾರಾದ್ರೂ ಓಡಿಸ್ತಾರ್ರೀ" ಎಂದೆ. "ನಿಧಾನ ಮಾಡೋಕೇ ಕೈ ಪಳಗಿರ್ಬೇಕು."