ಮುನ್ನೂರ ಒಂದನೆಯ ದೇವರು

ಎಲ್ಲಕ್ಕೂ ಕಾರಣ ಹೆಂಡತಿ ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಅಂಗಿ. ಐದು ಮಹಡಿ ಇಳಿದರೆ ಅದು ಬೆವರಿಗೆ ಒದ್ದೆಯಾದೀತೆಂದು ಕಂಠದಾನದ ಕಲಾವಿದ ಅಂದು ಮೆಟ್ಟಿಲು ಬಿಟ್ಟು ಲಿಫ್ಟ್ ಹತ್ತಿದ. ಲಿಫ್ಟ್ ನಾಲ್ಕನೇ ಮಹಡಿ ದಾಟಿತು, ಮೂರನೆಯದರ ಹತ್ತಿರ ಒಮ್ಮೆ ನಡುಗಿತು, ಅಲ್ಲೇ ನಿಂತಿತು. ದೀಪ ಆರಿ ಮೂಲೆಯಲ್ಲೊಂದು ಕೆಂಪು ಬಲ್ಬು ಹೊತ್ತಿಕೊಂಡಿತು. ಫೋನೋ, ಮನೆಯಲ್ಲಿ ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿದಿತ್ತು.

ಆಗ ಒಂಬತ್ತೂವರೆ. ಹನ್ನೊಂದಕ್ಕೆ ಅವನು ಸ್ಟುಡಿಯೋದಲ್ಲಿರಬೇಕು. ಬೇರೆ ದಿನವಾಗಿದ್ದರೆ ಹೋಗಲಿ ಬಿಡು ಎನ್ನಬಹುದಿತ್ತು. ಇಂದು ಹಾಗಲ್ಲ. ಆರು ವರ್ಷ ಕಾದ ಮೇಲೆ ಅವನ ಮುಖ ಟೀವಿಗೆ ಹೋಗುವ ದಿನ ಇದು.

ಆರು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಸುಳ್ಳು ದೇವರಾಗುವುದು. ಭಾನುವಾರದ ಆಕಾಶನೌಕೆಯ ಧಾರಾವಾಹಿಯಲ್ಲಿ ಕ್ಯಾಪ್ಟನ್ ಪ್ರತಿ ವಾರ ಹೊಸ ಗ್ರಹದಲ್ಲಿ ಇಳಿಯುತ್ತಾನೆ. ಅಲ್ಲಿನ ಜನ ಯಾವುದೋ ಹಳೇ ಯಂತ್ರಕ್ಕೋ, ಹೊಗೆ ಉಗುಳುವ ಕಲ್ಲಿಗೋ, ಗೋಡೆಯಷ್ಟು ದೊಡ್ಡ ಕಣ್ಣಿಗೋ ಅಡ್ಡಬಿದ್ದಿರುತ್ತಾರೆ. ಆ ದೇವರು ಗುಡುಗುತ್ತದೆ. ಗುಡುಗು ಇವನದು. ಕೊನೆಗೆ ಕ್ಯಾಪ್ಟನ್ ಹಿಂದೆ ಹೋಗಿ ವಯರು ಕೀಳುತ್ತಾನೆ, ದೇವರ ಕತೆ ಮುಗಿಯುತ್ತದೆ. ಹೀಗೆ ಮುನ್ನೂರು ದೇವರಾಗಿ ಮುನ್ನೂರು ಸಲ ವಯರು ಕೀಳಿಸಿಕೊಂಡಿದ್ದ ಪುಣ್ಯಾತ್ಮ. ಧ್ವನಿ ಯಾರದೆಂದು ಹೊರಗೆ ಬಾಯಿ ಬಿಡಬಾರದೆಂಬ ಕರಾರು ಬೇರೆ. ಕಟ್ಟಡದವರ ಪಾಲಿಗೆ ಅವನು ಬರೀ ನರ್ಸಮ್ಮನ ಗಂಡ. ಅವನ ಮಾಮೂಲಿ ಧ್ವನಿಯೋ, ಅಂಗಡಿಯವನು ಎರಡು ಸಲ ಕೇಳಬೇಕಾದಷ್ಟು ಸಣ್ಣದು. ಕೊನೆಗೂ ನಿರ್ದೇಶಕರ ಮನಸ್ಸು ಕರಗಿ, ನೌಕೆಯ ಡಾಕ್ಟರ ಪಾತ್ರಕ್ಕೆ ನಿನ್ನ ಮುಖ ನೋಡೋಣ ಬಾ ಎಂದಿದ್ದರು.

ಅವನು ಬಾಗಿಲು ಬಡಿದು ಕೂಗಿದ. ಗಾಬರಿಗೆ ಗಂಟಲು ತೆರೆದುಕೊಂಡಿತ್ತು. ಕೂಗು ಲಿಫ್ಟಿನ ಬಾವಿಯಲ್ಲಿ ಮೇಲೆ ಕೆಳಗೆ ಓಡಾಡಿ, ಪಕ್ಕಾ ದೇವರ ಗುಡುಗಾಗಿ ಹೊರಬಿತ್ತು.

ಮೂರನೇ ಮಹಡಿಯ ಟೈಲರಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದರು. ಇದು ಭಾನುವಾರದ ಟೀವಿ ದೇವರ ದನಿಯಲ್ಲವೇ ಎಂದು ಅವರಿಗೆ ಅನುಮಾನ. ಐದನೇ ಮಹಡಿಯಿಂದ ನಿವೃತ್ತ ವಿಜ್ಞಾನ ಮೇಷ್ಟ್ರು ಧಡಧಡ ಇಳಿದು ಬಂದರು. ಇದು ಸುಳ್ಳು ದೇವರೇ ಎಂಬುದರಲ್ಲಿ ಅವರಿಗೆ ಅನುಮಾನವೇ ಇಲ್ಲ. ಭಾನುವಾರ ಕಟ್ಟಡದವರೆಲ್ಲ ಧಾರಾವಾಹಿ ನೋಡುವುದು ಮೇಷ್ಟ್ರ ಮನೆಯಲ್ಲಿ. ಮುಗಿದ ಮೇಲೆ ಅರ್ಧ ಗಂಟೆ ಪಾಠ: ಜನ ಯಾಕೆ ನಂಬಿದರು, ದೇವರು ಎಲ್ಲಿ ಎಡವಿದ, ಕ್ಯಾಪ್ಟನ್ ಹೇಗೆ ಹಿಡಿದ. ನರ್ಸಮ್ಮನ ಗಂಡನೂ ಬಾಗಿಲ ಹತ್ತಿರ ಕೂತು ತನ್ನ ಸೋಲಿನ ಕಾರಣಗಳನ್ನು ವಾರ ವಾರ ಕೇಳಿಸಿಕೊಳ್ಳುತ್ತಿದ್ದ.

"ನಾನು ನಿಮ್ಮ ಪಕ್ಕದ ಮನೆಯವನು ಮೇಷ್ಟ್ರೇ, ನರ್ಸಮ್ಮನ ಗಂಡ" ಎಂದು ಲಿಫ್ಟ್ ಗುಡುಗಿತು.

"ನೋಡಿದ್ರಾ," ಎಂದರು ಮೇಷ್ಟ್ರು, ಕಣ್ಣರಳಿಸಿ. "ಸುಳ್ಳು ದೇವರು ಮೊದಲು ಹೇಳೋದೇ ಇದನ್ನ, ನಾನು ನಿಮ್ಮವನು ಅಂತ. ಹೋದ ವಾರದವನು ಏನಂದ?"

ಹೋದ ವಾರದವನು ಅದನ್ನೇ ಅಂದಿದ್ದ. ಅಂದವನೇ ಒಳಗಿದ್ದುದರಿಂದ ಅವನಿಗೆ ಚೆನ್ನಾಗಿ ನೆನಪಿತ್ತು.

ಲಿಫ್ಟಿನ ಮೆಕ್ಯಾನಿಕ್‌ಗೆ ಫೋನು ಹೋಯಿತು, ಒಂದು ಗಂಟೆಯಾಗುತ್ತದೆ ಎಂದ. ಅಷ್ಟರಲ್ಲಿ ತನಿಖೆ ಶುರುವಾಯಿತು. ಸುಳ್ಳು ದೇವರು ಬೆಟ್ಟ ಸೀಳಿಯಾನು, ಕಡಲು ಕುದಿಸಿಯಾನು. ಸಣ್ಣ ವಿಷಯ ಕೇಳಿದರೆ ತಡಬಡಾಯಿಸುತ್ತಾನೆ ಎಂಬುದು ಕ್ಯಾಪ್ಟನ್‌ನ ಸೂತ್ರ. ಟೈಲರಕ್ಕ ಫೋನು ಎತ್ತಿ ಹಿಡಿದು ವಿಡಿಯೋ ಒತ್ತಿದರು. ಮೇಷ್ಟ್ರು ಮೂಗು ಮುಟ್ಟಿಕೊಂಡು, "ನನ್ನ ಕನ್ನಡಕ ಈಗ ಎಲ್ಲಿದೆ?" ಎಂದರು.

ಅದನ್ನು ಎಲ್ಲಿ ಮರೆತಿದ್ದೀರೆಂದು ಮೇಷ್ಟ್ರ ಹೆಂಡತಿ ದಿನಾ ಬೆಳಿಗ್ಗೆ ಕಿರುಚುವುದು ಗೋಡೆ ದಾಟಿ ಕೇಳುತ್ತಿತ್ತು. "ಫ್ರಿಜ್ ಮೇಲೆ" ಎಂದ. ಅಷ್ಟರಲ್ಲಿ ಸೇರಿದ್ದವರಲ್ಲಿ ಒಬ್ಬರು ಓಡಿ ಹೋಗಿ ಫ್ರಿಜ್ ಮೇಲಿಂದಲೇ ತಂದುಕೊಟ್ಟರು.

ಗುಂಪು ಬಾಗಿಲ ಹತ್ತಿರಕ್ಕೆ ಸರಿಯಿತು. ಟೈಲರಕ್ಕ ಫೋನು ಇನ್ನೊಂದು ಕೈಗೆ ಬದಲಿಸಿ, ಎರಡು ತಿಂಗಳಿಂದ ಕಾಣದ ತಮ್ಮ ದೊಡ್ಡ ಕತ್ತರಿಯ ಬಗ್ಗೆ ಕೇಳಿದರು. ಅದೂ ಅವನಿಗೆ ಗೊತ್ತಿತ್ತು, ಗೊತ್ತಿದ್ದದ್ದೇ ಕಷ್ಟ. ಆದರೆ ಗಂಟೆ ಹತ್ತಾಗಿತ್ತು, ನಿಜ ಹೇಳಿದರೆ ಬಾಗಿಲು ತೆಗೆದಾರೆಂಬ ಆಸೆ. "ನರ್ಸಮ್ಮನ ಅಡುಗೆಮನೆ. ಎರಡನೇ ಡ್ರಾಯರು" ಎಂದುಬಿಟ್ಟ. ಪರದೆ ಕತ್ತರಿಸಲು ತಂದವಳು ಹಿಂದಕ್ಕೆ ಕೊಡುವುದನ್ನು ಮರೆತಿದ್ದಳು ಪಾಪ. ಟೈಲರಕ್ಕ ಆಸ್ಪತ್ರೆಗೆ ಫೋನು ಮಾಡಿ, ಡ್ಯೂಟಿಯಲ್ಲಿದ್ದವಳ ಬಾಯಲ್ಲೇ ಹೌದು ಎನ್ನಿಸಿದರು.

ಅಲ್ಲಿಗೆ ಅವನ ಗ್ರಹಚಾರ ಕೆಟ್ಟಿತು. ಉತ್ತರ ಸರಿಯಾದಷ್ಟೂ ಪ್ರಶ್ನೆ ಕೇಳುವವರ ಸಾಲು ಉದ್ದವಾಯಿತು, ಎಲ್ಲ ಮಹಡಿಯವರೂ ಇಳಿದು ಬಂದರು. ಬಾಗಿಲು ತೆಗೆಯುವ ಮಾತೇ ಇಲ್ಲ, ತೆಗೆದರೆ ದೇವರು ಹೊರಟುಹೋದಾನೆಂಬ ಭಯ ಬೇರೆ. ಮೇಷ್ಟ್ರಂತೂ ಬಾಗಿಲಿಗೆ ಕಿವಿಯಿಟ್ಟು, ಮೂವತ್ತೈದು ವರ್ಷ ಪಾಠ ಹೇಳಿದವರು ಮೊದಲ ದಿನ ಶಾಲೆಗೆ ಬಂದ ಮಗುವಿನಂತೆ ನಿಂತಿದ್ದರು.

ಸುಳ್ಳಾಗದೆ ಬಿಡುಗಡೆಯಿಲ್ಲ ಎಂದು ಅವನಿಗೆ ಹೊಳೆದದ್ದು ಹತ್ತೂಕಾಲಿಗೆ. ಸುಳ್ಳು ದೇವರೆಂದು ಖಾತ್ರಿಯಾದರೆ ವಯರು ಹುಡುಕಿಕೊಂಡು ಯಾರಾದರೂ ಬಾಗಿಲು ಮೀಟಿಯೇ ಮೀಟುತ್ತಾರೆ. ಅಷ್ಟರಲ್ಲಿ ಮೇಷ್ಟ್ರು ಎಂಟು ದಿನದಿಂದ ಕಾಣೆಯಾದ ತಮ್ಮ ಬೆಕ್ಕು ಸಿಪಾಯಿಯ ಬಗ್ಗೆ ಕೇಳಿದರು. ಸಿಪಾಯಿ ಗಂಡು ಬೆಕ್ಕೆಂದು ಇಡೀ ಕಟ್ಟಡಕ್ಕೆ ಗೊತ್ತು.

"ನೀರಿನ ಟ್ಯಾಂಕ್ ಹಿಂದೆ ಇದ್ದಾನೆ," ಎಂದು ಅವನು ಬಾಯಿಗೆ ಬಂದದ್ದನ್ನು ನೆಮ್ಮದಿಯಿಂದ ಗುಡುಗಿದ. "ಮೂರು ಮರಿ ಹಾಕಿದ್ದಾನೆ."

ಎಲ್ಲರೂ ನಕ್ಕರು. ಸಿಕ್ಕಿಬಿದ್ದ ಎಂದು ಮೇಷ್ಟ್ರು ತೊಡೆ ತಟ್ಟಿಕೊಂಡರು. ಪರೀಕ್ಷೆ ಪೂರ್ತಿಯಾಗಲಿ ಎಂದು ಟೈಲರಕ್ಕ ಮಾತ್ರ ಒಬ್ಬರನ್ನು ಮೇಲೆ ಅಟ್ಟಿದರು. ಹೋದವರು ಐದು ನಿಮಿಷಕ್ಕೆ ಬುಟ್ಟಿ ಹಿಡಿದು ಬಂದರು. ಬುಟ್ಟಿಯಲ್ಲಿ ಸಿಪಾಯಿ, ಸಿಪಾಯಿಯ ಹೊಟ್ಟೆಗೆ ಅಂಟಿಕೊಂಡು ಮೂರು ಮರಿ. ನಾಲ್ಕು ವರ್ಷ ಅದನ್ನು ಗಂಡೆಂದೇ ಸಾಕಿದ ವಿಜ್ಞಾನ ಮೇಷ್ಟ್ರ ಮುಖ ಸಣ್ಣಗಾಯಿತು.

"ನಾನು ದೇವರಲ್ಲ ಕಣ್ರಪ್ಪಾ, ನಂಬಿ" ಎಂದು ಲಿಫ್ಟು ಅತ್ತಿತು. ಹೊರಗಿದ್ದವರು ಕೈ ಕಟ್ಟಿ ನಿಂತರು.

ಮೆಕ್ಯಾನಿಕ್ ಬಂದಾಗ ಹನ್ನೊಂದೂವರೆ. ಅವನ ಮನೆಯಲ್ಲಿ ಟೀವಿ ಇರಲಿಲ್ಲ. ಇನ್ನೊಂದು ಪ್ರಶ್ನೆ ಇದೆ, ತಡಿ ಎಂದ ಮೇಷ್ಟ್ರನ್ನು ಪಕ್ಕಕ್ಕೆ ಸರಿಸಿ, ಕೀಲಿ ತಿರುವಿ ಬಾಗಿಲು ತೆಗೆದ. ಬೆವರಿನಲ್ಲಿ ನೆಂದು ತೊಪ್ಪೆಯಾದ ಅಂಗಿಯಲ್ಲಿ ನರ್ಸಮ್ಮನ ಗಂಡ ಹೊರಬಂದ. ಎಲ್ಲರೂ ಅವನನ್ನು ಬಿಟ್ಟು ಅವನ ಹಿಂದೆ ಇಣುಕಿದರು.

"ನೀವೂ ಒಳಗಿದ್ರಾ?" ಎಂದು ಮೇಷ್ಟ್ರು ಅವನ ಭುಜ ಹಿಡಿದರು. "ನೋಡಿದ್ರಾ ಅವನನ್ನ? ಹೇಗಿದ್ದ?"

"ನಾನೇ ಮೇಷ್ಟ್ರೇ, ಮಾತಾಡಿದ್ದು" ಎಂದ ಅವನು. ಕೂಗಿ ಕೂಗಿ ಗಂಟಲು ಹೋಗಿತ್ತು, ಇದ್ದ ಸಣ್ಣ ಧ್ವನಿಯೂ ಅರ್ಧಕ್ಕೆ ಬಂದಿತ್ತು. ಪಾಪ, ಗಾಬರಿಗೆ ಏನೇನೋ ಅನ್ನುತ್ತಿದ್ದಾನೆ, ನೀರು ಕೊಡಿ ಎಂದರು ಟೈಲರಕ್ಕ.

ಸ್ಟುಡಿಯೋ ಮುಟ್ಟಿದಾಗ ಹನ್ನೆರಡೂಕಾಲು. ಬೈಗುಳಕ್ಕೆ ಸಿದ್ಧನಾಗಿ ಹೋದವನನ್ನು ನಿರ್ದೇಶಕರು ಬಾಚಿ ತಬ್ಬಿಕೊಂಡರು. ಸುಳ್ಳು ದೇವರು ಕಂಡರೆ ಕ್ಯಾಪ್ಟನ್‌ಗೆ ತಿಳಿಸಿ ಎಂದು ಧಾರಾವಾಹಿಯ ಕೊನೆಗೆ ಬರುವ ನಂಬರಿಗೆ ಟೈಲರಕ್ಕ ವಿಡಿಯೋ ಕಳಿಸಿದ್ದರು. ಧ್ವನಿ ಯಾರದೆಂದು ನಿರ್ದೇಶಕರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಮುನ್ನೂರು ದೇವರು ನಾನೇ ನಿಜ ಅಂತ ಕೂಗಿದವು, ಮುನ್ನೂರೂ ಸತ್ತವು," ಎಂದರು. "ಇದೊಂದು ನಾನಲ್ಲ ಅಂತ ಅಳುತ್ತೆ. ಇದನ್ನ ಯಾವ ಕ್ಯಾಪ್ಟನ್ ಕೊಲ್ಲೋಕಾಗುತ್ತೆ? ಇನ್ಮೇಲೆ ಪ್ರತಿ ವಾರ ಇದೇ ದೇವರು, ನೀನೇ." ಧ್ವನಿ ಹಾಗೆಯೇ ಬರಲೆಂದು ಲಿಫ್ಟಿನಷ್ಟೇ ದೊಡ್ಡ ತಗಡಿನ ಡಬ್ಬಿ ಮಾಡಿಸಲು ತಗಡು ಕೆಲಸದವನಿಗೆ ಆಗಲೇ ಹೇಳಿದ್ದರಂತೆ. ಗುಟ್ಟಿನ ಕರಾರೂ ಹಾಗೇ ಮುಂದುವರಿಯುತ್ತದಂತೆ.

"ಡಾಕ್ಟರ ಪಾತ್ರ?" ಎಂದ ಅವನು.

ನಿರ್ದೇಶಕರು ವಿಡಿಯೋ ನಿಲ್ಲಿಸಿ ತೋರಿಸಿದರು. ಬಾಗಿಲಿಗೆ ಕಿವಿಯಿಟ್ಟು, ಬಾಯಿ ಅರ್ಧ ತೆರೆದು, ಕಣ್ಣರಳಿಸಿ ನಿಂತಿದ್ದ ಮೇಷ್ಟ್ರು. "ಕುತೂಹಲ ಅಂದ್ರೆ ಹೀಗಿರಬೇಕು. ಫೋನ್ ಮಾಡಿದೆ, ಒಪ್ಪಿಕೊಂಡ್ರು."

ಸಂಜೆ ಮನೆಗೆ ಬಂದರೆ ಹೆಂಡತಿ ಕತ್ತರಿ ಹಿಡಿದು ಕೂತಿದ್ದಳು. ಇಡೀ ಕಟ್ಟಡದ ಮುಂದೆ ತನ್ನ ಮಾನ ಕಳೆದ ಆ ದೇವರು ಯಾರೆಂದು ಅವಳಿಗೆ ಮಾತ್ರ ಗೊತ್ತಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಮೇಷ್ಟ್ರು, ನಾಚಿಕೊಂಡು ನಿಂತಿದ್ದರು.

"ನಾಳೆ ಷೂಟಿಂಗು. ಡಾಕ್ಟರಿಗೆ ಬಿಳಿ ಅಂಗಿನೇ ಬೇಕಂತೆ," ಎಂದರು. "ನಿಮ್ಮದೊಂದಿತ್ತಲ್ಲ?"

ಹೆಂಡತಿ ಗಂಡನನ್ನೊಮ್ಮೆ ನೋಡಿ, ಅಂಗಿ ಬಿಚ್ಚಿಸಿಕೊಂಡು, ಒಗೆದು ಒಣಗಿಸಿ ಮತ್ತೆ ಇಸ್ತ್ರಿ ಹಾಕಿದಳು. ಮುಂದಿನ ಭಾನುವಾರ ಕಟ್ಟಡದವರೆಲ್ಲ ಮೇಷ್ಟ್ರ ಮನೆಯಲ್ಲಿ ಕೂತಿದ್ದಾಗ, ಅವನ ಅಂಗಿಯಾದರೂ ಟೀವಿಯಲ್ಲಿ ಬಂತು.